ಸರದಿಜಾಲಗಳಲ್ಲಿ ಸೇವಾಕ್ರಮದ ಮೌಲ್ಯನಿರ್ಣಯ: ಕೋಲಾರ ಪ್ರಾಂತದ ಮಾರುಕಟ್ಟೆಗಳ ದೃಷ್ಟಾಂತದೊಡನೆ

೧. ಪೀಠಿಕೆ

ಬೇಸಗೆಯ ಒಂದು ಮುಂಜಾನೆ ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವನ್ನು ಕಂಡವರಿಗೆ ಈ ಲೇಖನದ ವಿಷಯವನ್ನು ಪರಿಚಯಮಾಡಿಕೊಡುವ ಅಗತ್ಯ ಅಷ್ಟಾಗಿ ಇಲ್ಲ. ನೈಋತ್ಯದ ಮಾಲೂರು, ಪೂರ್ವದ ಮುಳಬಾಗಿಲು, ಈಶಾನ್ಯದ ಶ್ರೀನಿವಾಸಪುರ, ಇವುಗಳ ಸುತ್ತಣ ಹಳ್ಳಿಗಳಿಂದ ಟೊಮೇಟೊ ಹೊತ್ತ ಆಟೋಗಳೂ ಟೆಂಪೋಗಳೂ ಲಾರಿಗಳೂ ಬಂದು ನಿಲ್ಲುತ್ತವೆ. ಇಳಿಸುವ ಹಮಾಲಿಗಳಿಗಾಗಿ ಒಂದು ಸರದಿ, ಮಂಡಿಯ ಹರಾಜಿಗಾಗಿ ಒಂದು ಸರದಿ, ವಿಂಗಡಣೆಗಾಗಿ ಮತ್ತೊಂದು, ಹೊರರಾಜ್ಯಕ್ಕೆ ಹೋಗುವ ಲಾರಿಗೆ ತುಂಬಲು ಇನ್ನೊಂದು. ಶ್ರೀನಿವಾಸಪುರದಲ್ಲಿ ಮೇ ತಿಂಗಳಿನಿಂದ ಜುಲೈವರೆಗೆ ಮಾವಿನ ಸುಗ್ಗಿ. ಅಲ್ಲಿಯೂ ಇದೇ ದೃಶ್ಯ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಟೊಮೇಟೊ ಮಾರುಕಟ್ಟೆಯಲ್ಲಿಯೂ ಅಷ್ಟೆ.

ಇಲ್ಲಿ ಕಾಯುವುದೆಂದರೆ ಬರಿಯ ಬೇಸರವಲ್ಲ. ಹಣ್ಣು ಕೆಡುವ ಪದಾರ್ಥ, ಬೆಲೆಯೋ ಚಂಚಲ. ೨೦೨೩ರ ಜುಲೈ ತಿಂಗಳಲ್ಲಿ ಹದಿನೈದು ಕಿಲೋಗ್ರಾಂ ಬಾಕ್ಸೊಂದರ ಬೆಲೆ ಕೋಲಾರದಲ್ಲಿ ೨,೦೦೦ ರೂಪಾಯಿಗಳನ್ನು ಮೀರಿತ್ತು. ಬೇರೆ ಕಾಲಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದುದೂ ಉಂಟು. ಹೀಗಿರುವಲ್ಲಿ ಯಾರ ಗಾಡಿಗೆ ಮೊದಲು ಕೈಹಾಕಬೇಕೆಂಬ ಪ್ರಶ್ನೆ ಒಂದು ಕುಟುಂಬದ ವರ್ಷದ ದುಡಿಮೆಯನ್ನೇ ಮುಟ್ಟಬಲ್ಲುದು. ಈ ಪ್ರಶ್ನೆಗೆ ಕೊಡುವ ಉತ್ತರವನ್ನು ನಾವು ಸೇವಾಕ್ರಮವೆಂದು ಕರೆಯುತ್ತೇವೆ. ಅನೇಕ ಸರದಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅದು ಸರದಿಜಾಲ. ಸರದಿಜಾಲವೊಂದರಲ್ಲಿ ಒಂದು ಸೇವಾಕ್ರಮವು ಒಳ್ಳೆಯದೋ ಕೆಟ್ಟದೋ ಎಂಬುದನ್ನು ನಿರ್ಣಯಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಮುಂದೆ ಬರುವ ಲೆಕ್ಕಗಳಲ್ಲಿನ ಅಂಕಿಗಳು ವಿವರಣೆಗಾಗಿ ನಾವು ಕಲ್ಪಿಸಿಕೊಂಡವು. ಯಾವ ಮಾರುಕಟ್ಟೆಯಲ್ಲಿಯೂ ಅಳೆದು ತೆಗೆದವಲ್ಲ.

೨. ಒಂಟಿ ಸರದಿಯ ಲಕ್ಷಣಗಳು

ಸರದಿಗಳ ಗಣಿತ ಹುಟ್ಟಿದುದು ದೂರವಾಣಿಯಿಂದ. ಕೋಪನ್‌ಹೇಗನ್ ನಗರದ ದೂರವಾಣಿ ಸಂಸ್ಥೆಯಲ್ಲಿದ್ದ ಎ. ಕೆ. ಎರ್ಲಾಂಗ್ ೧೯೦೯ರಲ್ಲಿ ಕರೆಗಳ ಆಗಮನವನ್ನು ಸಂಭಾವ್ಯತೆಯ ದೃಷ್ಟಿಯಿಂದ ವಿಶ್ಲೇಷಿಸಿದನು. ೧೯೫೩ರಲ್ಲಿ ಡಿ. ಜಿ. ಕೆಂಡಾಲ್ ಸರದಿಗಳ ವರ್ಗೀಕರಣಕ್ಕೆ ಇಂದಿಗೂ ಬಳಕೆಯಲ್ಲಿರುವ ಸಂಕೇತಗಳನ್ನು ಒದಗಿಸಿದನು. ನಮ್ಮ ನಾಡಿಗೂ ಈ ಶಾಸ್ತ್ರದೊಡನೆ ಹಳೆಯ ನಂಟಿದೆ: ಸರದಿ ಮತ್ತು ಸಂಗ್ರಹ ಸಿದ್ಧಾಂತಗಳಲ್ಲಿ ಮುಂದೆ ಪ್ರಖ್ಯಾತರಾದ ಎನ್. ಯು. ಪ್ರಭು ಅವರು ೧೯೫೦ರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು.

ಮೌಲ್ಯನಿರ್ಣಯಕ್ಕೆ ಮೊದಲು ಬೇಕಾದ ಸಾಧನವೆಂದರೆ ಜೆ. ಡಿ. ಸಿ. ಲಿಟ್ಲ್ ೧೯೬೧ರಲ್ಲಿ ಸಾಧಿಸಿದ ಪ್ರಮೇಯ. ಒಂದು ವ್ಯವಸ್ಥೆಯೊಳಗೆ ಸರಾಸರಿಯಾಗಿ ಇರುವವರ ಸಂಖ್ಯೆಯು, ಆಗಮನದರವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಕಾಲದಿಂದ ಗುಣಿಸಿದಷ್ಟು ಇರುತ್ತದೆ. ಪ್ರಾಂಗಣಕ್ಕೆ ಗಂಟೆಗೆ ೩೦ ವಾಹನಗಳು ಬರುತ್ತಿದ್ದು, ಒಂದೊಂದೂ ಸರಾಸರಿ ೨ ಗಂಟೆ ನಿಲ್ಲುವುದಾದರೆ, ಯಾವ ಹೊತ್ತಿಗೆ ನೋಡಿದರೂ ಅಲ್ಲಿ ಸರಾಸರಿ ೬೦ ವಾಹನಗಳಿರುವುವು. ಈ ಪ್ರಮೇಯದ ಬೆಲೆ ಅದರ ಸರಳತೆಯಲ್ಲಿದೆ. ಆಗಮನ ಹೇಗೆಂದಾಗಲಿ, ಸೇವಾಕ್ರಮ ಯಾವುದೆಂದಾಗಲಿ ಅದು ಕೇಳುವುದಿಲ್ಲ. ಎಲ್ಲರ ಗಡಿಯಾರ ನೋಡಲಾಗದಿದ್ದರೂ, ನಿಂತ ಗಾಡಿಗಳನ್ನು ಆಗಾಗ ಎಣಿಸಿಯೇ ಕಾಯುವ ಕಾಲವನ್ನು ತಿಳಿಯಬಹುದು.

ಎರಡನೆಯದು ಹೊರೆಯೆಂಬ ಪರಿಕಲ್ಪನೆ. ಸೇವಾಕೇಂದ್ರವೊಂದು ತನ್ನ ಕಾಲದ ಎಷ್ಟು ಭಾಗವನ್ನು ಕೆಲಸದಲ್ಲಿ ಕಳೆಯಬೇಕಾಗುವುದೋ ಅದೇ ಅದರ ಹೊರೆ. ಆಗಮನವೂ ಸೇವಾಕಾಲವೂ ಸಂಪೂರ್ಣ ಯಾದೃಚ್ಛಿಕವಾದ, ಒಂದೇ ಸೇವಕನಿರುವ ಅತಿಸರಳ ಸರದಿಯಲ್ಲಿ ಹೊರೆಯು ಶೇಕಡಾ ೫೦ ಇದ್ದಾಗ ಒಳಗಿರುವವರ ಸರಾಸರಿ ಸಂಖ್ಯೆ ೧, ಶೇಕಡಾ ೮೦ ಆದಾಗ ೪, ೯೦ಕ್ಕೆ ೯, ೯೫ಕ್ಕೆ ೧೯. ತೊಂಬತ್ತರಿಂದ ತೊಂಬತ್ತೈದಕ್ಕೆ ಏರಿದುದು ಐದೇ ಅಂಶ. ಆದರೆ ಸಾಲು ಇಮ್ಮಡಿಗಿಂತ ಹೆಚ್ಚಾಯಿತು. ಸುಗ್ಗಿಯ ಕೊನೆಯ ಕೆಲವು ಗಾಡಿಗಳು ಇಡೀ ಪ್ರಾಂಗಣವನ್ನು ಕಟ್ಟಿಹಾಕುವುದೇಕೆಂಬುದಕ್ಕೆ ಇದು ಉತ್ತರ. ಹೊರೆಯು ಶೇಕಡಾ ನೂರಕ್ಕಿಂತ ಕಡಿಮೆಯಿದ್ದರೆ ಒಂಟಿ ಸರದಿಯು ಸ್ಥಿರ, ಎಂದರೆ ಸಾಲು ಎಲ್ಲೆಮೀರಿ ಬೆಳೆಯದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಜಾಲಗಳಲ್ಲಿ ಇದು ಸುಳ್ಳಾಗುವುದನ್ನು ಮುಂದೆ ಕಾಣಲಿದ್ದೇವೆ.

೩. ಮೊದಲು ಯಾರಿಗೆ?

ಒಂದು ಹಮಾಲಿ ತಂಡ. ಅದರ ಮುಂದೆ ಒಟ್ಟಿಗೆ ಬಂದು ನಿಂತ ಮೂರು ವಾಹನಗಳು. ೨೪೦ ಬಾಕ್ಸ್ ಹೊತ್ತ ಲಾರಿಯನ್ನು ಇಳಿಸಲು ೬೦ ನಿಮಿಷ, ೫೦ ಬಾಕ್ಸಿನ ಟೆಂಪೋವಿಗೆ ೧೦ ನಿಮಿಷ, ೧೫ ಬಾಕ್ಸಿನ ಆಟೋವಿಗೆ ೫ ನಿಮಿಷ ಬೇಕೆನ್ನೋಣ. ಯಾವ ಕ್ರಮದಲ್ಲಿ ಇಳಿಸಿದರೂ ತಂಡದ ದುಡಿಮೆ ಒಟ್ಟು ೭೫ ನಿಮಿಷವೇ. ಕೆಲಸದ ಮೊತ್ತ ಕ್ರಮದಿಂದ ಬದಲಾಗದು. ಬದಲಾಗುವುದು ಕಾಯುವಿಕೆಯ ಹಂಚಿಕೆ ಮಾತ್ರ.

ಲಾರಿಯನ್ನು ಮೊದಲು, ಟೆಂಪೋವನ್ನು ಅನಂತರ, ಆಟೋವನ್ನು ಕೊನೆಗೆ ತೆಗೆದುಕೊಂಡರೆ ಅವು ಕ್ರಮವಾಗಿ ೬೦, ೭೦, ೭೫ನೆಯ ನಿಮಿಷಗಳಲ್ಲಿ ಬಿಡುಗಡೆಯಾಗುವುವು. ವಾಹನವೊಂದಕ್ಕೆ ಸರಾಸರಿ ಸುಮಾರು ೬೮ ನಿಮಿಷ. ಕಿರಿದಾದ ಕೆಲಸ ಮೊದಲೆಂದು ಆಟೋ, ಟೆಂಪೋ, ಲಾರಿ ಎಂಬ ಕ್ರಮ ಹಿಡಿದರೆ ೫, ೧೫, ೭೫. ಸರಾಸರಿ ೩೨ ನಿಮಿಷಕ್ಕೂ ಕಡಿಮೆ. ವಾಹನಗಳನ್ನು ಎಣಿಸುವವನಿಗೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ.

ಆದರೆ ಕೆಡುವುದು ವಾಹನವಲ್ಲ, ಹಣ್ಣು. ಆದಕಾರಣ ಬಾಕ್ಸುಗಳನ್ನೇ ಎಣಿಸಬೇಕೆಂದು ಒಬ್ಬರು ವಾದಿಸಬಹುದು. ಈ ಅಳತೆಗೆ ಒಪ್ಪುವ ನಿಯಮವನ್ನು ನಿಶ್ಚಿತ ಕೆಲಸಗಳ ವಿಷಯದಲ್ಲಿ ಡಬ್ಲ್ಯು. ಇ. ಸ್ಮಿತ್ ೧೯೫೬ರಲ್ಲಿಯೂ, ಯಾದೃಚ್ಛಿಕ ಸರದಿಗಳ ವಿಷಯದಲ್ಲಿ ಡಿ. ಆರ್. ಕಾಕ್ಸ್ ಮತ್ತು ಡಬ್ಲ್ಯು. ಎಲ್. ಸ್ಮಿತ್ ೧೯೬೧ರಲ್ಲಿಯೂ ನಿರೂಪಿಸಿದರು. ಕಾಯುವುದರಿಂದ ನಿಮಿಷಕ್ಕೆ ಆಗುವ ನಷ್ಟವನ್ನು ಸೇವೆಗೆ ಬೇಕಾದ ಕಾಲದಿಂದ ಭಾಗಿಸಿ, ಭಾಗಲಬ್ಧ ಹೆಚ್ಚಿರುವುದನ್ನು ಮೊದಲು ತೆಗೆದುಕೊಳ್ಳುವುದೇ ಆ ನಿಯಮ. ನಮ್ಮ ಉದಾಹರಣೆಯಲ್ಲಿ ಟೆಂಪೋವಿಗೆ ೫, ಲಾರಿಗೆ ೪, ಆಟೋವಿಗೆ ೩ ಬರುತ್ತದೆ. ಆದ್ದರಿಂದ ಟೆಂಪೋ, ಲಾರಿ, ಆಟೋ ಎಂಬುದು ಕ್ರಮ. ಬಾಕ್ಸುಗಳು ಕಾಯುವ ನಿಮಿಷಗಳ ಒಟ್ಟು ಮೊತ್ತ ಆಗ ೧೮,೪೨೫. ಆಟೋ ಮೊದಲೆಂಬ ಕ್ರಮದಲ್ಲಿ ಇದೇ ಮೊತ್ತ ೧೮,೮೨೫.

ಈ ಎರಡು ಸಂಖ್ಯೆಗಳನ್ನು ತುಸು ನಿಂತು ನೋಡುವುದು ಉಚಿತ. ಇವುಗಳ ನಡುವಣ ವ್ಯತ್ಯಾಸ ೪೦೦. ಎಂದರೆ ಶೇಕಡಾ ಎರಡರಷ್ಟು. ಆದರೆ ಹದಿನೈದು ಬಾಕ್ಸಿನ ಸಣ್ಣ ಹಿಡುವಳಿದಾರನು ಒಂದು ಕ್ರಮದಲ್ಲಿ ೫ ನಿಮಿಷಕ್ಕೆ ಬಿಡುಗಡೆಯಾದರೆ, ಇನ್ನೊಂದರಲ್ಲಿ ೭೫ ನಿಮಿಷ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಹರಾಜಿನ ಬಿಸಿ ಆರಿರಬಹುದು. ಅಳತೆಗೋಲನ್ನು ಆರಿಸಿದವನು ಫಲಿತಾಂಶವನ್ನೂ ಬಹುಮಟ್ಟಿಗೆ ಆರಿಸಿರುತ್ತಾನೆ. ಯಾವ ಅಳತೆ ನ್ಯಾಯವೆಂಬುದನ್ನು ಗಣಿತ ಹೇಳಲಾರದು. ಒಂದೊಂದು ಅಳತೆಗೆ ಯಾರು ಎಷ್ಟು ಬೆಲೆ ತೆರುತ್ತಾರೆಂಬುದನ್ನು ಮಾತ್ರ ಮುಚ್ಚುಮರೆಯಿಲ್ಲದೆ ತೋರಿಸಬಲ್ಲುದು. ಸರಾಸರಿಯೊಂದನ್ನೇ ಪ್ರಕಟಿಸುವ ಮೌಲ್ಯಮಾಪನವು ಈ ಕರ್ತವ್ಯವನ್ನು ಅರ್ಧಕ್ಕೆ ಬಿಟ್ಟಂತೆ.

೪. ಒಂಟಿ ಸರದಿಯಿಂದ ಜಾಲಕ್ಕೆ

ಒಂದು ಕೇಂದ್ರದಿಂದ ಹೊರಟದ್ದು ಇನ್ನೊಂದರ ಬಾಗಿಲಲ್ಲಿ ನಿಂತಾಗ ಲೆಕ್ಕ ತೊಡಕಾಗುತ್ತದೆ. ಮೊದಲನೆಯ ಕೇಂದ್ರದ ನಿರ್ಗಮನವೇ ಎರಡನೆಯದರ ಆಗಮನವಾದ್ದರಿಂದ ಒಂದೆಡೆಯ ಸೇವಾಕ್ರಮವು ಇನ್ನೊಂದೆಡೆಯ ಸಾಲನ್ನು ಆಳುತ್ತದೆ. ೧೯೫೭ರಲ್ಲಿ ಜೆ. ಆರ್. ಜಾಕ್ಸನ್ ಒಂದು ಅಚ್ಚರಿಯ ಫಲಿತಾಂಶವನ್ನು ಕೊಟ್ಟನು. ಎಲ್ಲ ಗಿರಾಕಿಗಳೂ ಒಂದೇ ಬಗೆಯಾಗಿದ್ದು, ಆಗಮನ ಮತ್ತು ಸೇವಾಕಾಲಗಳು ಆ ಸರಳ ಯಾದೃಚ್ಛಿಕ ನಿಯಮವನ್ನು ಪಾಲಿಸಿ, ಬಂದವರಿಗೆ ಬಂದ ಕ್ರಮದಲ್ಲಿಯೇ ಸೇವೆ ದೊರೆಯುವುದಾದರೆ, ಜಾಲದ ಪ್ರತಿಯೊಂದು ಕೇಂದ್ರವನ್ನೂ ಸ್ವತಂತ್ರ ಸರದಿಯೋ ಎಂಬಂತೆ ಲೆಕ್ಕಹಾಕಬಹುದು. ೧೯೭೫ರಲ್ಲಿ ಬ್ಯಾಸ್ಕೆಟ್, ಚಾಂಡಿ, ಮಂಟ್ಜ್ ಮತ್ತು ಪಲಾಸಿಯೋಸ್ ಎಂಬ ನಾಲ್ವರು ಈ ಫಲಿತಾಂಶವನ್ನು ಇನ್ನೂ ಹಲವು ಬಗೆಯ ಜಾಲಗಳಿಗೆ ವಿಸ್ತರಿಸಿದರು.

ಆದರೆ ಮಾರುಕಟ್ಟೆಯಲ್ಲಿ ಗಿರಾಕಿಗಳು ಒಂದೇ ಬಗೆಯಲ್ಲ. ಅದೇ ಹಮಾಲಿ ತಂಡ ಇಳಿಸುವುದನ್ನೂ ಮಾಡುತ್ತದೆ, ತುಂಬುವುದನ್ನೂ ಮಾಡುತ್ತದೆ. ಎರಡಕ್ಕೂ ಬೇಕಾದ ಕಾಲ ಬೇರೆ. ಒಂದಕ್ಕೆ ಮೊದಲ ಮನ್ನಣೆ ಕೊಟ್ಟೊಡನೆ ಮೇಲಣ ಸೂತ್ರಗಳು ಕೈಬಿಡುತ್ತವೆ. ಕೈಬಿಡುವುದಷ್ಟೇ ಅಲ್ಲ, ಸಹಜಬುದ್ಧಿಯೂ ಮೋಸಹೋಗುತ್ತದೆ.

೫. ಸಹಜಬುದ್ಧಿ ಮೋಸಹೋಗುವ ಬಗೆ

ಮಾವಿನ ಸುಗ್ಗಿ ಮತ್ತು ಬೇಸಗೆಯ ಟೊಮೇಟೊ ಕೂಡಿಬಿದ್ದ ದಿನಗಳನ್ನು ಕಲ್ಪಿಸಿಕೊಳ್ಳೋಣ. ಕೋಲಾರದಲ್ಲಿ ಒಂದು ತಂಡ, ಶ್ರೀನಿವಾಸಪುರದಲ್ಲಿ ಒಂದು ತಂಡ. ಮೊದಲ ಬಗೆಯ ಲಾರಿಗಳು ಕೋಲಾರದಲ್ಲಿ ಖಾಲಿ ಬಾಕ್ಸುಗಳನ್ನು ಇಳಿಸಿ, ಶ್ರೀನಿವಾಸಪುರಕ್ಕೆ ಹೋಗಿ ಮಾವು ತುಂಬಿಕೊಂಡು ಹೊರಡುವುವು. ಎರಡನೆಯ ಬಗೆಯವು ಶ್ರೀನಿವಾಸಪುರದಲ್ಲಿ ಖಾಲಿ ಬಾಕ್ಸುಗಳನ್ನು ಇಳಿಸಿ, ಕೋಲಾರಕ್ಕೆ ಬಂದು ಟೊಮೇಟೊ ತುಂಬಿಕೊಂಡು ಹೊರಡುವುವು. ಎರಡೂ ಬಗೆಯವು ಗಂಟೆಗೆ ಒಂದೊಂದು ಬರುವುವು. ಇಳಿಸಲು ೬ ನಿಮಿಷ, ತುಂಬಲು ೩೬ ನಿಮಿಷ ಬೇಕು. ದಾರಿಯ ಕಾಲವನ್ನು ಸದ್ಯಕ್ಕೆ ಗಣನೆಗೆ ತರಬೇಕಾಗಿಲ್ಲ. ಪ್ರತಿಯೊಂದು ತಂಡಕ್ಕೂ ಗಂಟೆಯ ಅರುವತ್ತು ನಿಮಿಷಗಳಲ್ಲಿ ೪೨ ನಿಮಿಷ ಕೆಲಸ. ಹೊರೆ ಶೇಕಡಾ ೭೦. ಯಾರು ನೋಡಿದರೂ ಧಾರಾಳ ಬಿಡುವಿದೆ ಎನ್ನುವರು.

ಈಗ ಎರಡೂ ಕಡೆ ಒಂದೇ ನಿಯಮವಿದೆಯೆನ್ನಿ: 'ತುಂಬಬೇಕಾದ ಲಾರಿ ಮೊದಲು'. ಹೊರಡಲು ಸಿದ್ಧವಾದುದನ್ನು ಬೇಗ ಕಳುಹಿಸಿದರೆ ಸ್ಥಳ ತೆರವಾಗುವುದೆಂಬುದು ಇದರ ಹಿಂದಿನ ವಿವೇಕ. ಯಾವುದೋ ಕಾರಣದಿಂದ ಒಂದು ದಿನ ಮೊದಲ ಬಗೆಯ ೧೦ ಲಾರಿಗಳು ಕೋಲಾರದಲ್ಲಿ ಕೂಡಿಕೊಂಡವು, ಮಿಕ್ಕೆಲ್ಲವೂ ಖಾಲಿ. ಅವು ಬೇಗಬೇಗ ಇಳಿಸಿಕೊಂಡು ಶ್ರೀನಿವಾಸಪುರಕ್ಕೆ ನುಗ್ಗುವುವು. ಅಲ್ಲಿ ತುಂಬುವುದಕ್ಕೇ ಮೊದಲ ಮನ್ನಣೆ. ಆದ್ದರಿಂದ ಎರಡನೆಯ ಬಗೆಯ ಲಾರಿಗಳನ್ನು ಇಳಿಸುವ ಕೆಲಸ ನಿಂತೇಹೋಗುತ್ತದೆ. ಮೊದಲ ಬಗೆಯವೆಲ್ಲ ತೀರುವುದಕ್ಕೆ ೧೫ ಗಂಟೆ ಬೇಕು: ಹಳೆಯವು ೧೦, ಅಷ್ಟರಲ್ಲಿ ಹೊಸದಾಗಿ ಬರುವವು ೧೫, ಒಟ್ಟು ೨೫, ಇಪ್ಪತ್ತೈದಕ್ಕೆ ಮೂವತ್ತಾರು ನಿಮಿಷದಂತೆ ೧೫ ಗಂಟೆ. ಈ ೧೫ ಗಂಟೆಗಳಲ್ಲಿ ಎರಡನೆಯ ಬಗೆಯ ೧೫ ಲಾರಿಗಳು ಶ್ರೀನಿವಾಸಪುರದಲ್ಲಿ ಇಳಿಸಲು ಕಾದು ನಿಂತಿರುವುವು. ಇತ್ತ ಕೋಲಾರದ ತಂಡಕ್ಕೆ ಟೊಮೇಟೊ ತುಂಬುವ ಲಾರಿಯೊಂದೂ ಬಂದಿರುವುದಿಲ್ಲ. ಅದು ಬಹುಪಾಲು ಹೊತ್ತು ಕೈಕಟ್ಟಿ ಕುಳಿತಿರುತ್ತದೆ.

ಈಗ ಪಾತ್ರಗಳು ಅದಲುಬದಲು. ಈ ೧೫ ಲಾರಿಗಳು ಕೋಲಾರಕ್ಕೆ ನುಗ್ಗಿ ಅಲ್ಲಿ ಇಳಿಸುವುದನ್ನು ತಡೆಯುವುವು. ಇವು ತೀರುವ ಹೊತ್ತಿಗೆ ೨೨ ಗಂಟೆ ೩೦ ನಿಮಿಷ ಕಳೆದು, ಮೊದಲ ಬಗೆಯ ಇಪ್ಪತ್ತೆರಡೂವರೆಯಷ್ಟು ಲಾರಿಗಳು ಕೂಡಿರುವುವು. ಅನಂತರ ಮೂವತ್ತನಾಲ್ಕರ ಹತ್ತಿರ. ಪ್ರತಿಸಲವೂ ಒಂದೂವರೆ ಪಟ್ಟು. ಹೊರೆ ಶೇಕಡಾ ೭೦ ಮಾತ್ರವೇ ಇದ್ದರೂ, ಕೆಲಸವಿರುವಲ್ಲಿ ಯಾವ ತಂಡವೂ ಸುಮ್ಮನೆ ಕುಳಿತಿರದಿದ್ದರೂ, ಸಾಲು ಎಲ್ಲೆಯಿಲ್ಲದೆ ಬೆಳೆಯುತ್ತದೆ.

ಕಾರಣವನ್ನು ಹುಡುಕುವುದು ಕಷ್ಟವಲ್ಲ. ಈ ನಿಯಮದ ಕೆಳಗೆ ಒಂದು ಊರಿನಲ್ಲಿ ತುಂಬುತ್ತಿರುವಷ್ಟು ಹೊತ್ತು ಇನ್ನೊಂದು ಊರಿಗೆ ತುಂಬುವ ಲಾರಿ ತಲುಪುವುದೇ ಇಲ್ಲ. ಎರಡು ಊರುಗಳ ತುಂಬುವ ಕೆಲಸಗಳು ಎಂದೂ ಏಕಕಾಲದಲ್ಲಿ ನಡೆಯವು. ಕಣ್ಣಿಗೆ ಕಾಣದ ಒಂದೇ ಕೇಂದ್ರದಲ್ಲಿ ಎಂಬಂತೆ ಒಂದಾದಮೇಲೊಂದು ನಡೆಯುತ್ತವೆ. ಆ ಮರೆಯ ಕೇಂದ್ರಕ್ಕೆ ಗಂಟೆಗೊಮ್ಮೆ ಬೀಳುವ ಕೆಲಸ ೩೬ಕ್ಕೆ ೩೬ ಕೂಡಿ ೭೨ ನಿಮಿಷ. ಇರುವ ಕಾಲ ೬೦ ನಿಮಿಷ. ಹೊರೆ ಶೇಕಡಾ ೧೨೦!

ಇದೇ ನಿಯಮವನ್ನು ತಿರುಗಿಸಿ 'ಇಳಿಸಬೇಕಾದ ಲಾರಿ ಮೊದಲು' ಎಂದರೆ ಕೇಡು ತಪ್ಪುವುದು. ಇಳಿಸಲು ಗಂಟೆಗೆ ೬ ನಿಮಿಷ ಹೋದರೆ ಉಳಿಯುವುದು ೫೪. ತುಂಬಲು ಬೇಕಾದುದು ೩೬. ಅದೇ ಹತ್ತು ಲಾರಿಗಳಿಂದ ಆರಂಭಿಸಿದರೆ, ಕೂಡಿಬಿದ್ದುದೆಲ್ಲ ೨೦ ಗಂಟೆಗಳಲ್ಲಿ ಕರಗಿ ವ್ಯವಸ್ಥೆ ಸಮಸ್ಥಿತಿಗೆ ಬರುತ್ತದೆ. ತಂಡಗಳು ಅವೇ, ಲಾರಿಗಳು ಅವೇ, ದುಡಿಮೆಯೂ ಅಷ್ಟೇ. ಭೇದವಿರುವುದು ಕ್ರಮದಲ್ಲಿ ಮಾತ್ರ.

ಈ ಬಗೆಯ ಅಸ್ಥಿರತೆಯನ್ನು ಪಿ. ಆರ್. ಕುಮಾರ್ ಮತ್ತು ಟಿ. ಐ. ಸೈಡ್‌ಮನ್ ೧೯೯೦ರಲ್ಲಿ ಉತ್ಪಾದನಾ ವ್ಯವಸ್ಥೆಗಳ ಪ್ರಸಂಗದಲ್ಲಿ ತೋರಿಸಿದರು. ಎರಡು ಕೇಂದ್ರಗಳ, ಎದುರುಬದುರು ಹರಿವಿನ ಮೇಲಣ ಮಾದರಿಯನ್ನು ರಿಬ್ಕೊ ಮತ್ತು ಸ್ಟೊಲ್ಯಾರ್ ೧೯೯೨ರಲ್ಲಿ ವಿಶ್ಲೇಷಿಸಿದರು. ಬಂದವರಿಗೆ ಬಂದ ಕ್ರಮದಲ್ಲಿ ಸೇವೆ ಎಂಬ, ಎಲ್ಲರೂ ನ್ಯಾಯವೆಂದು ಒಪ್ಪುವ ನಿಯಮವೂ ಕೆಲವು ಜಾಲಗಳಲ್ಲಿ ಅಸ್ಥಿರವಾಗಬಲ್ಲುದೆಂದು ೧೯೯೪ರಲ್ಲಿ ಬ್ರಾಮ್ಸನ್ ಸಾಧಿಸಿದನು.

೬. ಮೌಲ್ಯನಿರ್ಣಯದ ಮಾರ್ಗಗಳು

ಸೂತ್ರಗಳು ಕೈಬಿಟ್ಟ ಮೇಲೆ ಉಳಿಯುವ ಮಾರ್ಗಗಳು ಮುಖ್ಯವಾಗಿ ಮೂರು.

ಮೊದಲನೆಯದು ದ್ರವಮಾದರಿ. ಲಾರಿಗಳನ್ನು ಬಿಡಿಬಿಡಿಯಾಗಿ ಎಣಿಸದೆ, ನೀರಿನಂತೆ ಹರಿಯುವ ಪ್ರಮಾಣವೆಂದು ಭಾವಿಸಿ ಲೆಕ್ಕಹಾಕುವುದು. ಮೇಲೆ ನಾವು ಮಾಡಿದುದು ಅದನ್ನೇ. ಆದುದರಿಂದಲೇ ಇಪ್ಪತ್ತೆರಡೂವರೆ ಲಾರಿಗಳ ಮಾತು ಬಂದಿತು. ದ್ರವಮಾದರಿಯು ಯಾವ ಸ್ಥಿತಿಯಿಂದ ಹೊರಟರೂ ನಿಶ್ಚಿತ ಕಾಲದಲ್ಲಿ ಬರಿದಾಗುವುದಾದರೆ, ಕೆಲವು ಸಾಮಾನ್ಯ ನಿಬಂಧನೆಗಳ ಮೇಲೆ ಮೂಲ ಜಾಲವೂ ಸ್ಥಿರವೆಂದು ಜೆ. ಜಿ. ಡೈ ೧೯೯೫ರಲ್ಲಿ ಸಿದ್ಧಪಡಿಸಿದನು. ಯಾವುದೇ ಸೇವಾಕ್ರಮವನ್ನು ಈ ಪರೀಕ್ಷೆಗೆ ಮೊದಲು ಒಡ್ಡಬೇಕು. ಅಸ್ಥಿರವಾದುದರ ಸರಾಸರಿಯನ್ನು ಚರ್ಚಿಸುವುದು ವ್ಯರ್ಥ.

ಎರಡನೆಯದು ಎಲ್ಲೆಗಳ ನಿರ್ಣಯ. ನಿಖರವಾದ ಸರಾಸರಿ ದೊರೆಯದಿದ್ದರೂ, ಅದು ಇದಕ್ಕಿಂತ ಕಡಿಮೆಯಿರದು, ಇದಕ್ಕಿಂತ ಹೆಚ್ಚಿರದು ಎಂದು ಹೇಳಬಹುದು. ೧೯೯೪ರಲ್ಲಿ ಎಸ್. ಕುಮಾರ್ ಮತ್ತು ಪಿ. ಆರ್. ಕುಮಾರ್ ಅವರೂ, ಪ್ರತ್ಯೇಕವಾಗಿ ಬರ್ಟ್ಸಿಮಾಸ್, ಪಾಸ್ಕಾಲಿಡಿಸ್ ಮತ್ತು ಟ್ಸಿಟ್ಸಿಕ್ಲಿಸ್ ಅವರೂ ಇಂತಹ ಎಲ್ಲೆಗಳನ್ನು ರೇಖೀಯ ಕಾರ್ಯಯೋಜನೆಯ ಮೂಲಕ ಪಡೆಯುವ ಬಗೆಯನ್ನು ಪ್ರಕಟಿಸಿದರು. ಅತ್ಯುತ್ತಮ ಸೇವಾಕ್ರಮವನ್ನೇ ಕಂಡುಹಿಡಿಯಬಾರದೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಜಾಲವು ದೊಡ್ಡದಾದಂತೆ ಆ ಲೆಕ್ಕದ ಶ್ರಮ ಯಾವ ಗಣಕಯಂತ್ರಕ್ಕೂ ನಿಲುಕದಷ್ಟು ವೇಗವಾಗಿ ಏರುವುದನ್ನು ಪಾಪಡಿಮಿಟ್ರಿಯು ಮತ್ತು ಟ್ಸಿಟ್ಸಿಕ್ಲಿಸ್ ೧೯೯೯ರಲ್ಲಿ ತೋರಿಸಿದ್ದಾರೆ. ಆದಕಾರಣ ಕೈಯಲ್ಲಿರುವ ಕ್ರಮವು ಅತ್ಯುತ್ತಮವಾದುದಕ್ಕಿಂತ ಎಷ್ಟು ದೂರವಿದ್ದೀತು ಎಂಬುದನ್ನು ಎಲ್ಲೆಗಳಿಂದ ಊಹಿಸುವುದೇ ಜಾಣತನ.

ಮೂರನೆಯದು ಅನುಕರಣ ಪ್ರಯೋಗ: ಯಾದೃಚ್ಛಿಕ ಸಂಖ್ಯೆಗಳಿಂದ ಆಗಮನಗಳನ್ನು ಸೃಷ್ಟಿಸಿ, ಗಣಕಯಂತ್ರದಲ್ಲಿ ಮಾರುಕಟ್ಟೆಯನ್ನು ನಡೆಸಿನೋಡುವುದು. ಇದು ಸುಲಭವಾಗಿ ಕಾಣುವುದರಿಂದಲೇ ಎಚ್ಚರಿಕೆ ಹೆಚ್ಚು ಬೇಕು. ಎರಡು ಕ್ರಮಗಳನ್ನು ಹೋಲಿಸುವಾಗ ಎರಡಕ್ಕೂ ಅವೇ ಆಗಮನಗಳನ್ನು ಕೊಡಬೇಕು. ಇಲ್ಲವಾದರೆ ಅದೃಷ್ಟದ ಭೇದವನ್ನು ಕ್ರಮದ ಭೇದವೆಂದು ಭ್ರಮಿಸುವುದುಂಟು. ಹೊರೆ ಹೆಚ್ಚಾದಂತೆ ಪ್ರಯೋಗವನ್ನು ಬಹುಕಾಲ ನಡೆಸಬೇಕು. ಮಾರುಕಟ್ಟೆಯ ವಿಷಯದಲ್ಲಿ ಇನ್ನೊಂದು ಮಾತೂ ಇದೆ: ಅಲ್ಲಿ ಆಗಮನದರ ದಿನವಿಡೀ ಒಂದೇ ಸಮನಾಗಿರುವುದಿಲ್ಲ, ಹರಾಜಿನ ಹೊತ್ತಿಗೆ ಮುನ್ನ ಉಕ್ಕುತ್ತದೆ. ದೀರ್ಘಕಾಲದ ಸರಾಸರಿಗೆ ಬದಲು ಒಂದೊಂದು ದಿನದ ಏರಿಳಿತವನ್ನೇ ಅಲ್ಲಿ ಅನುಕರಿಸಬೇಕು.

ಸ್ಥಿರತೆಯ ಭಯವಿಲ್ಲದ ಸೇವಾಕ್ರಮಗಳೂ ಇವೆ. ಮುಂದಣ ಕೇಂದ್ರದ ಸಾಲಿಗಿಂತ ತನ್ನಲ್ಲಿಯ ಸಾಲು ಎಲ್ಲಿ ಬಹಳ ಉದ್ದವೋ ಅದಕ್ಕೆ, ಕೆಲಸದ ವೇಗವನ್ನೂ ಗಣಿಸಿ, ಮೊದಲು ಸೇವೆ ಎಂಬುದು ೧೯೯೨ರಲ್ಲಿ ಟಾಸಿಯುಲಸ್ ಮತ್ತು ಎಫ್ರೆಮಿಡೀಸ್ ಅವರು ಪ್ರತಿಪಾದಿಸಿದ ತತ್ತ್ವ. ನಮ್ಮ ಲಾರಿಗಳ ಉದಾಹರಣೆಯಲ್ಲಿ ಇದರ ಸಾರ ಸುಲಭಗ್ರಾಹ್ಯ: ಮುಂದಿನ ಊರಿನಲ್ಲಿ ಈಗಾಗಲೇ ಗುಂಪು ಕೂಡಿದ್ದರೆ ಇನ್ನಷ್ಟನ್ನು ಅಲ್ಲಿಗೆ ತಳ್ಳಬಾರದು. ಇದಕ್ಕೆ ಬೇಕಾದುದು ಎರಡು ಪ್ರಾಂಗಣಗಳ ನಡುವೆ ಸಾಲುಗಳ ಸುದ್ದಿ. ಇಂದು ಅದು ಒಂದು ದೂರವಾಣಿ ಕರೆಯ ಮಾತು.

೭. ಕೆರೆಗಳ ಸಾಲು

ಈ ಗಣಿತ ಗಾಡಿಗಳಿಗೆ ಮಾತ್ರ ಸೀಮಿತವಲ್ಲ. ೧೯೫೪ರಲ್ಲಿ ಪಿ. ಎ. ಪಿ. ಮೊರಾನ್ ಆರಂಭಿಸಿದ ಜಲಾಶಯಗಳ ಸಿದ್ಧಾಂತವು ಸರದಿ ಸಿದ್ಧಾಂತದ ಅವಳಿಯಂತಿದೆ: ಮಳೆಯೇ ಆಗಮನ, ತೂಬಿನಿಂದ ಬಿಡುವ ನೀರೇ ಸೇವೆ, ನಿಂತ ನೀರೇ ಸಾಲು. ಕೋಲಾರ ಪ್ರಾಂತದಲ್ಲಿ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಹಿಂದಿನವರು ಕಟ್ಟಿದ ಕೆರೆಸಾಲುಗಳು ಈ ಅರ್ಥದಲ್ಲಿ ಜಾಲಗಳೇ. ಅಚ್ಚುಕಟ್ಟಿನ ಯಾವ ಗದ್ದೆಗೆ ಎಂದು ಎಷ್ಟು ನೀರೆಂಬುದನ್ನು ನಡೆಸುತ್ತಿದ್ದ ನೀರುಗಂಟಿಯು ಸೇವಾಕ್ರಮವನ್ನು ಕಾಯುತ್ತಿದ್ದವನು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಂತೆ ಬೆಂಗಳೂರಿನ ಸಂಸ್ಕರಿಸಿದ ನೀರು ೨೦೧೮ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಯನ್ನು ತಲುಪಿದಂದಿನಿಂದ, ಕೆರೆಯಿಂದ ಕೆರೆಗೆ ನೀರು ಹರಿಸುವ ಕ್ರಮದ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿದೆ. ಸಾಲಿನ ಕೊನೆಯ ಕೆರೆಯು ಅಂಗಳದ ಕೊನೆಯ ಆಟೋವಿನಂತೆಯೇ. ಸರಾಸರಿ ಮಟ್ಟವನ್ನು ನೋಡಿದವರಿಗೆ ಅದು ಕಾಣುವುದಿಲ್ಲ.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ಮಾತುಗಳು ಫಲಿಸುತ್ತವೆ. ಒಂದೊಂದು ಕೇಂದ್ರವನ್ನೂ ಬೇರೆಬೇರೆಯಾಗಿ ನೋಡಿ ಜಾಲವನ್ನು ತೀರ್ಮಾನಿಸಲಾಗದು. ಸೇವಾಕ್ರಮದ ಸ್ಥಿರತೆಯನ್ನು ಮೊದಲು ಪರೀಕ್ಷಿಸಿ, ಅನಂತರ ಕಾಯುವ ಕಾಲವನ್ನು ಅಳೆಯಬೇಕು. ಅಳೆಯುವಾಗ ಸರಾಸರಿಯ ಜೊತೆಗೆ, ಅತಿ ಹೆಚ್ಚು ಕಾದವರು ಯಾರು, ಎಷ್ಟು ಹೊತ್ತು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಲ್ಲಿ ಕೈಗೆಟುಕುವ ಕೆಲಸವಿದೆ. ಪ್ರಾಂಗಣದ ಬಾಗಿಲಲ್ಲಿ ಇಬ್ಬರು ನಿಂತು, ಒಬ್ಬರು ಒಳಬರುವ ವಾಹನದ ಬಗೆಯನ್ನೂ ಹೊತ್ತನ್ನೂ, ಇನ್ನೊಬ್ಬರು ಹೊರಹೋಗುವುದನ್ನೂ ಬರೆದುಕೊಂಡರೆ ಸಾಕು. ಒಳಗಿರುವ ವಾಹನಗಳನ್ನು ಅರ್ಧ ಗಂಟೆಗೊಮ್ಮೆ ಎಣಿಸಿ, ಲಿಟ್ಲನ ಪ್ರಮೇಯದಿಂದ ತಾಳೆನೋಡಬಹುದು. ಮುಂಜಾನೆಯಿಂದ ಪ್ರಾಂಗಣ ಬರಿದಾಗುವವರೆಗೂ ಬರೆದರೆ ತಾಳೆ ಸರಿಯಾಗಿ ಬರುವುದು. ಆಟೋ, ಟೆಂಪೋ, ಲಾರಿಗಳ ಲೆಕ್ಕವನ್ನು ಬೇರೆಬೇರೆಯಾಗಿಯೇ ಇಡಬೇಕು. ಒಂದು ಸುಗ್ಗಿಯ ಕೆಲವು ದಿನಗಳ ಇಂತಹ ಪುಸ್ತಕವೊಂದು ದೊರೆತರೆ, ಈ ಲೇಖನದಲ್ಲಿ ಕಲ್ಪನೆಯಿಂದ ತುಂಬಿದ ಅಂಕಿಗಳ ಸ್ಥಾನದಲ್ಲಿ ನಿಜವಾದ ಅಂಕಿಗಳನ್ನು ಇಟ್ಟು, ಹದಿನೈದು ಬಾಕ್ಸಿನವನು ಎಷ್ಟು ಹೊತ್ತು ಕಾಯುತ್ತಿದ್ದಾನೆಂಬುದನ್ನು ಊಹೆಯಿಲ್ಲದೆ ಹೇಳಲು ಸಾಧ್ಯವಾಗುವುದು.